ಬೆಣ್ಣಿಗುಡ್ಡದ ಕರಿಗೆರೆ

ಬೆಣ್ಣಿಗುಡ್ಡ, ಕುರುಗೋಡು ಹತ್ತಿರ
ಶುಕ್ರವಾರ, ೧೬ ಮೇ ೨೦೨೫

ಮಗಳು ಶಬನಂಗೆ,

ನಿನಗೂ ನಿನ್ನ ಹೊಟ್ಟೆಯಲ್ಲಿರುವ ಜೀವಕ್ಕೂ ನಿನ್ನ ಅಮ್ಮನ ಸಲಾಂ, ದುವಾ.

ಮೊದಲು ಕುಳಿತುಕೋ. ಏಳು ತಿಂಗಳ ಬಸುರಿ ಬಾಗಿಲಲ್ಲಿ ನಿಂತು ಪತ್ರ ಓದುವುದು ಬೇಡ. ಇದನ್ನು ತಂದ ವಿರೂಪಮ್ಮನಿಗೆ ನೀರು ಕೊಟ್ಟೆಯಾ? ಕೊಟ್ಟು ಬಂದು ಓದು. ನಮ್ಮ ಬಳಪದ ಶೆಡ್ಡಿನಲ್ಲಿ ಸೀರೆಯ ಜೋಳಿಗೆ ಕಟ್ಟಿ ನಿನ್ನನ್ನು ತೂಗಿದವಳು ಅವಳು. ನಿನ್ನ ಅತ್ತೆಗೆ ಅದು ಗೊತ್ತಿರಲಿ, ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಬಾರದು.

ಮಂಗಳವಾರದಿಂದ ನನ್ನ ಫೋನ್ ಹತ್ತುತ್ತಿಲ್ಲವೆಂದು ನೀನು ಆಸಿಂನ ತಲೆ ತಿನ್ನುತ್ತಿದ್ದೀಯಂತೆ. ನಿನ್ನ ಅಣ್ಣನಿಗೆ ಜೀನ್ಸ್ ಹೊಲಿಸಿ ಕಳಿಸುವ ಕೆಲಸವೇ ಬೇಕಾದಷ್ಟಿದೆ, ಅವನನ್ನು ಬಿಡು. ಫೋನ್ ಕೆಟ್ಟಿದೆ, ಅಷ್ಟೇ. ನಾನು ಚೆನ್ನಾಗಿದ್ದೇನೆ. ಬಲಗಾಲು ತುಸು ಉಳುಕಿದೆ. ಈ ವಯಸ್ಸಿನಲ್ಲಿ ಕಾಲು ಉಳುಕುವುದು ದೊಡ್ಡ ಸುದ್ದಿಯಲ್ಲ. ವಿರೂಪಮ್ಮನ ಫೋನಿನಿಂದ ಮಾತಾಡಬಹುದಿತ್ತು. ಆದರೆ ನೀನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತೀ. ನಾನು ಹೇಳುವುದು ನಿನಗಷ್ಟೇ, ಇಡೀ ಸಿರುಗುಪ್ಪಕ್ಕಲ್ಲ.

ಸೋಮವಾರ ನೀನು ಅತ್ತುಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. “ಅಬ್ಬ ಬರ್ಲಿಲ್ಲಂದ್ರ ನನಗ ಸಾತವಾಸಾನೇ ಬ್ಯಾಡ. ‘ನಿಮ್ಮಪ್ಪ ಕಲ್ಲು ಕಾಯಾಕ ಹೋಗ್ಯಾನಂತಲ್ಲ’ ಅಂತ ಎಲ್ಲಾರೂ ನಗತಾರ. ನಿಂದ ಎಲ್ಲಾ ಅಮ್ಮ, ನೀನೇ ಅವರನ್ನ ಮನಿ ಬಿಡಿಸಿದಿ” ಅಂದೆ. ನಾನು ಫೋನ್ ಇಟ್ಟೆ. ಮರುದಿನ ಒಳ್ಳೆಯ ಸೀರೆ ಉಟ್ಟು ಹೊರಟೆ. ಭಾನುವಾರ ಸಾತವಾಸಕ್ಕೆ, ಏಳನೇ ತಿಂಗಳ ನಿನ್ನ ಉಡಿ ತುಂಬುವ ಹೊತ್ತಿಗೆ ನಿನ್ನ ಅಬ್ಬನನ್ನು ಕರೆತಂದು ನಿನ್ನ ಮುಂದೆ ನಿಲ್ಲಿಸುತ್ತೇನೆ ಎಂದು ಆಸಿಂಗೆ ಹೇಳಿಯೇ ಬಂದೆ. ಕುರುಗೋಡಿನಲ್ಲಿ ಬಸ್ಸಿಳಿದು, ವಿರೂಪಮ್ಮನನ್ನು ಅವಳ ಮನೆಯಿಂದ ಎಬ್ಬಿಸಿಕೊಂಡು, ಆಟೋದಲ್ಲಿ ಗುಡ್ಡದ ಬುಡಕ್ಕೆ ಬಂದೆವು.

ನಾನು ಅವರನ್ನು ಮನೆ ಬಿಡಿಸಲಿಲ್ಲ. ಅದು ನಿನಗೆ ಗೊತ್ತಿರಬೇಕು. ಬಳ್ಳಾರಿಯ ನಮ್ಮ ಮನೆಯಲ್ಲಿ ಹೊಲಿದ ಪ್ಯಾಂಟುಗಳ ತುದಿನೂಲು ಕತ್ತರಿಸುವ ಕೆಲಸಕ್ಕೆ ಅವರನ್ನು ಕೂರಿಸಿದ್ದೆ. ನೂಲಿನ ಜೊತೆ ಬಟ್ಟೆಯನ್ನೂ ಕತ್ತರಿಸುತ್ತಿದ್ದರು. “ಇಷ್ಟು ವರ್ಷ ಮೇಸ್ತ್ರಿಕಿ ಮಾಡೀರಿ, ನೂಲು ಕತ್ತರಿಸಾಕ ಬರಂಗಿಲ್ಲೇನ್ರಿ?” ಅಂದೆ. ಕೆಲಸದವರು ಇದ್ದರು, ನಿಜ. ಹಾಳಾದ ಪ್ಯಾಂಟೂ ಅವರ ಮುಂದೆಯೇ ಇತ್ತಲ್ಲ? ಅವರು ಕತ್ತರಿ ಕೆಳಗಿಟ್ಟು, ಗುಡ್ಡ ನೋಡಿ ಬರುತ್ತೇನೆ ಎಂದು ಹೋದವರು ದಸರೆ ಕಳೆದರೂ ಬರಲಿಲ್ಲ, ಸಂಕ್ರಾಂತಿ ಕಳೆದರೂ ಬರಲಿಲ್ಲ. ಸಿಟ್ಟು ಮಾಡಿಕೊಂಡಿದ್ದಾರೆ ಎಂದು ನಾನೂ ತಿಳಿದಿದ್ದೆ. ಸಿಟ್ಟಿದ್ದವರು ತಾವೇ ಇಳಿಯಲಿ ಎಂದು ಸುಮ್ಮನಿದ್ದೆ.

ಗಣಿ ಮುಚ್ಚಿದಾಗ ನೀನು ನಾಲ್ಕನೇ ಇಯತ್ತೆ. ನಿನಗೆ ನೆನಪಿರುವುದು ಬಿಳಿ ಧೂಳು ಮತ್ತು ಶೆಡ್ಡು ಮಾತ್ರ. ಅದಕ್ಕೇ ಈ ಜಾಗದ ಕಥೆಯನ್ನು ಬರೆಯುತ್ತೇನೆ. ನಿನ್ನ ಮಗುವಿಗೆ ಯಾರಾದರೂ ಹೇಳಬೇಕು. ನಿನ್ನ ಅಬ್ಬ ಹೇಳಿದರೆ ನಡುವೆ ಕೆಮ್ಮಿ ಅರ್ಧ ಮರೆಯುತ್ತಾರೆ.

ಅವರ ತಾತನ ಕಾಲದಲ್ಲಿ ಇದು ಗಣಿಯೇ ಆಗಿರಲಿಲ್ಲ. ಸುತ್ತೆಲ್ಲ ಕೆಂಪು, ಬೂದು ಬಣ್ಣದ ಒರಟು ಬಂಡೆಗಳು, ನಡುವೆ ಇದೊಂದು ಗುಡ್ಡದ ಬಗಲಲ್ಲಿ ಮಾತ್ರ ಕಲ್ಲು ಬೆಳ್ಳಗೆ, ಅಲ್ಲಲ್ಲಿ ಹಸಿರು ಛಾಯೆಯಾಗಿ ಬಿರಿದಿತ್ತಂತೆ. ಉಗುರಿನಿಂದ ಗೀರಿದರೂ ಗೆರೆ ಮೂಡುವ ಕಲ್ಲು. ಮುಟ್ಟಿದರೆ ಸಾಬೂನು ಮುಟ್ಟಿದಂತೆ. ಅದಕ್ಕೇ ಬೆಣ್ಣಿಗುಡ್ಡ. ಜನ ಅದನ್ನು ಕಡಿದು ಅಡಿಗೆಯ ಮರಗಿ ಮಾಡಿಕೊಳ್ಳುತ್ತಿದ್ದರು. ಕಲ್ಲಿನ ಮರಗಿಯಲ್ಲಿ ಸಾರು ಮಾಡಿದರೆ ಒಲೆಯಿಂದ ಇಳಿಸಿದ ಮೇಲೂ ಕುದಿಯುತ್ತಲೇ ಇರುತ್ತದೆ. ಆಮೇಲೆ ಬಳ್ಳಾರಿಯ ಮಾಲಕರೊಬ್ಬರು ಗುತ್ತಿಗೆ ಹಿಡಿದು ಗಣಿ ತೋಡಿಸಿದರು. ಹಲಗೆಯಂತೆ ಸೀಳುವ ಒಳ್ಳೆಯ ಕಲ್ಲು ಬಳಪಕ್ಕೆ, ಪುಡಿಯಾಗುವ ಕಲ್ಲು ಪೌಡರ್ ಗಿರಣಿಗೆ. ಕೆಳಗೆ ಗಣಿಯಲ್ಲಿ ನಿನ್ನ ಅಬ್ಬ ಮೇಸ್ತ್ರಿ. ಮೇಲೆ ಶೆಡ್ಡಿನಲ್ಲಿ ಕಲ್ಲನ್ನು ಗರಗಸದಿಂದ ಕಡ್ಡಿ ಕಡ್ಡಿಯಾಗಿ ಕೊಯ್ಯುವ ಹೆಂಗಸರಿಗೆಲ್ಲ ನಾನು ಮೇಲ್ವಿಚಾರಕಿ. ಹತ್ತನೇ ಇಯತ್ತೆ ಪಾಸಾದವಳು ನಾನೊಬ್ಬಳೇ ಇದ್ದೆ. ಬಳಪ ಮುರಿಯದಿರಲೆಂದು ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬುತ್ತಿದ್ದೆವು. ಹೊಟ್ಟು ಬರುತ್ತಿದ್ದುದು ನಿಮ್ಮ ಸಿರುಗುಪ್ಪದ ಮಿಲ್ಲುಗಳಿಂದಲೇ. ಆಗ ಸಿರುಗುಪ್ಪ ಎಂದರೆ ನನಗೆ ಹೊಟ್ಟಿನ ಚೀಲ, ಅಷ್ಟೇ. ನನ್ನ ಮಗಳನ್ನು ಅಲ್ಲಿಗೇ ಮಿಲ್ಲಿನ ಮಷಿನ್ ರಿಪೇರಿ ಮಾಡುವ ಇಲಿಯಾಸ್‌ಗೆ ಕೊಡುತ್ತೇನೆಂದು ಯಾರು ಕಂಡಿದ್ದರು?

ನಿನಗೆ ಬಳಪ ತಿನ್ನುವ ಬಯಕೆ ಹತ್ತಿದೆಯೆಂದು ಇಲಿಯಾಸ್ ಹೇಳಿದ. ಬೇಡ. ರಕ್ತ ಕಡಿಮೆ ಇದೆ ಎಂದು ಡಾಕ್ಟರ್ ಹೇಳಿರುವಾಗ ಕಲ್ಲು ತಿನ್ನುತ್ತೀಯಾ? ನೀನು ಹೊಟ್ಟೆಯಲ್ಲಿದ್ದಾಗ ನಾನು ಒಂದು ಚೂರನ್ನು ದವಡೆಯಲ್ಲಿ ಒತ್ತಿಟ್ಟುಕೊಂಡೇ ಬಸುರಿ ಹೆಂಗಸರಿಗೆ “ಲೇ, ಮಾಲು ತಿಂತೀರೇನ?” ಎಂದು ಬೈಯುತ್ತಿದ್ದೆ. ವಿರೂಪಮ್ಮ ಅದನ್ನು ಈಗಲೂ ಹೇಳಿಕೊಂಡು ನಗುತ್ತಾಳೆ. ಅವಳು ನಗಲಿ, ನೀನು ತಿನ್ನಬೇಡ.

ಬರಬರುತ್ತಾ ಶಾಲೆಗಳಲ್ಲಿ ಸ್ಲೇಟು ಹೋಗಿ ಕಾಪಿ ಪುಸ್ತಕ ಬಂತು. ಬಳಪ ಕೇಳುವವರಿಲ್ಲ. ಒಂದು ಮಳೆಗಾಲ ಗಣಿಯ ತಳದಲ್ಲಿ ಊಟೆ ಒಡೆದು ನೀರು ನುಗ್ಗಿತು. ಎರಡು ಪಂಪು ಇಟ್ಟರೂ ಇಳಿಯಲಿಲ್ಲ. ಗುತ್ತಿಗೆ ಮುಗಿದಿತ್ತು, ಮಾಲಕರು ಗಿರಣಿ ಬಿಚ್ಚಿಕೊಂಡು ಹೋದರು. ಹಳ್ಳ ಉಳಿಯಿತು. ಯಾರೂ ಮುಚ್ಚಲಿಲ್ಲ, ಬೇಲಿ ಹಾಕಲಿಲ್ಲ.

ನಿನ್ನ ಅಬ್ಬ ಸಿಟ್ಟಿನಿಂದ ಇಲ್ಲಿ ಕುಳಿತಿಲ್ಲ, ಶಬನಂ. ಅದು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಅವರು ಬಂದ ಎರಡನೇ ದಿನವೇ ಕೆಳಗಿನ ಊರಿನ ಪಾರಮ್ಮ ಎಂಬಾಕೆ ಬಟ್ಟೆ ಒಗೆಯಲು ಬಂದು ನೀರಿಗೆ ಜಾರಿದಳಂತೆ. ಈ ನೀರಿನಲ್ಲಿ ಬಟ್ಟೆ ಬೆಳ್ಳಗಾಗುತ್ತದೆಂದು ಹೆಂಗಸರು ಬರುತ್ತಾರೆ, ಬಿಸಿಲಿಗೆ ಮಕ್ಕಳು ಈಜಲು ಬರುತ್ತವೆ. ಒಣಗಿದ್ದಾಗ ಬೆಣ್ಣೆಯಂತಿರುವ ಈ ಕಲ್ಲು ತೊಯ್ದರೆ ಹಾವಿನ ಮೈ. ಈಜು ಬಂದರೂ ದಡ ಹತ್ತಲು ಆಗುವುದಿಲ್ಲ, ಹಿಡಿದದ್ದೆಲ್ಲ ಕೈಯಿಂದ ಜಾರುತ್ತದೆ. ಇವರು ಹಗ್ಗ ಎಸೆದು ಪಾರಮ್ಮನನ್ನು ಎಳೆದುಕೊಂಡರು. ಅಂದಿನಿಂದ ಹಳೆಯ ಕಾವಲು ಗುಡಿಸಿಲಿನಲ್ಲೇ ಉಳಿದು, ಗಣಿಯ ಗೋಡೆಗೆ ಮೆಟ್ಟಿಲು ಕಡಿಯುತ್ತಿದ್ದಾರೆ. ನನಗೊಂದು ಮಾತು ಹೇಳಿ ಕಳಿಸಬಹುದಿತ್ತು. “ಹೇಳಿದ್ರ ‘ಮೆಟ್ಲ ಕಡ್ಯಾಕರ ಬರತೈತೇನ್ರಿ’ ಅಂತಿದ್ದಿ” ಎನ್ನುತ್ತಾರೆ. ಇರಬಹುದು.

ಮಂಗಳವಾರವೂ ಒಬ್ಬ ಹೆಂಗಸು ಬಿದ್ದಳು. ಬಳ್ಳಾರಿಯ ಕಡೆಯವಳು, ಒಳ್ಳೆಯ ಸೀರೆ, ರಬ್ಬರ್ ತಳದ ಹೊಸ ಚಪ್ಪಲಿ. ಈ ಗಣಿಗೆ ಇಳಿಯುವಾಗ ಚಪ್ಪಲಿ ಬಿಟ್ಟು, ಪಾದಕ್ಕೆ ಒಲೆಯ ಬೂದಿ ಹಚ್ಚಿಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಬೂದಿಯಿದ್ದರೆ ಕಾಲು ಹಿಡಿಯುತ್ತದೆ. ಆಕೆ ಯಾರ ಮಾತೂ ಕೇಳದೆ ಹಳೆಯ ಬಿಳಿ ಇಳಿಜಾರಿನಲ್ಲಿ ಇಳಿದು, ಜಾರಿ, ಸೊಂಟದ ಮಟ್ಟ ನೀರಿಗೆ ಹೋದಳು. ದೇವರ ದಯೆ, ನಿನ್ನ ಅಬ್ಬ ಹತ್ತಿರದಲ್ಲೇ ಇದ್ದರು.

ಇನ್ನು ಮುಚ್ಚಿಡುವುದು ಬೇಡ. ವಿರೂಪಮ್ಮ ನಿನ್ನ ಎದುರೇ ಕುಳಿತಿದ್ದಾಳೆ, ಇಷ್ಟರಲ್ಲಿ ಅರ್ಧ ಹೇಳಿರುತ್ತಾಳೆ. ಆ ಹೆಂಗಸು ನಾನೇ. ಗಾಬರಿಯಾಗಬೇಡ, ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಡು. ನಿನ್ನ ಅಮ್ಮ ಬರೆದ ಪತ್ರವನ್ನೇ ನೀನು ಓದುತ್ತಿದ್ದೀ, ಅಂದರೆ ಬದುಕಿದ್ದಾಳೆ.

ಇಷ್ಟು ವರ್ಷ ಶೆಡ್ಡು ನಡೆಸಿದರೂ ನಾನು ಒಮ್ಮೆಯೂ ಗಣಿಗೆ ಇಳಿದವಳಲ್ಲ. ಹೆಂಗಸರು ಇಳಿಯುವ ಪದ್ಧತಿ ಇರಲಿಲ್ಲ, ನನಗೆ ಅಗತ್ಯವೂ ಇರಲಿಲ್ಲ. ಮೇಲೆ ನಿಂತು ಕೂಗಿದರೆ ಕೆಲಸವಾಗುತ್ತಿತ್ತು. ಮಂಗಳವಾರವೂ ಕೂಗಿದೆ. ಕೆಳಗಿನಿಂದ ಉಳಿ ಸುತ್ತಿಗೆಯ ಸದ್ದು ಬರುತ್ತಿತ್ತು, ಉತ್ತರ ಬರಲಿಲ್ಲ. ಅವರಿಗೆ ಈಗ ಕಿವಿ ಮಂದ. ನನಗೆ ಅದೂ ಗೊತ್ತಿರಲಿಲ್ಲ, ಬೇಕಂತಲೇ ಸುಮ್ಮನಿದ್ದಾರೆ ಎಂದುಕೊಂಡೆ. ಇಳಿಯಲು ಹೊರಟಾಗ ವಿರೂಪಮ್ಮ ಸೆರಗು ಹಿಡಿದಳು.

“ಅಕ್ಕಾರ, ಚಪ್ಪಲಿ ಬಿಡ್ರಿ. ಒಲಿಯಾಗ ಬೂದಿ ಐತಿ, ಪಾದಕ್ಕ ಹಚ್ಕೊಂಡು ಹೋಗ್ರಿ.”

“ಗಂಡನ್ನ ಕರ್ಯಾಕ ಬೂದಿ ಹಚ್ಕೊಂಡು ಹೋಗಬೇಕೇನ? ಬಿಡಲೇ ಸೆರಗು!” ಅಂದೆ.

ಮುಂದಿನದು ಬೇಗ ಆಯಿತು. ಜಾರುವಾಗ ಎರಡೂ ಕೈಯಿಂದ ಗೋಡೆ ಹಿಡಿದೆ. ಹತ್ತು ಉಗುರುಗಳೂ ಕಲ್ಲಿಗೆ ಇಳಿದವು, ಆದರೂ ಅದು ನನ್ನನ್ನು ಹಿಡಿಯಲಿಲ್ಲ. ಆ ಗೀರುಗಳು ಈಗಲೂ ಗೋಡೆಯ ಮೇಲಿವೆ. ಫೋನ್ ಅಲ್ಲೇ ನೀರಿನಲ್ಲಿದೆ. ಕಾಲಿಗೆ ಏನೋ ಒಂದು ಅಂಚು ಸಿಕ್ಕಿತು, ಅದರ ಮೇಲೆ ನಿಂತು ಕಲ್ಮಾ ಹೇಳಿಕೊಂಡೆ. ಮುಖ ಮೈಯೆಲ್ಲ ಬಿಳಿ ರಾಡಿ.

ಆಚೆ ಕಡೆಯಿಂದ ಅವರು ಕೂಗಿದರು: “ಯಾರವ್ವಾ ಅದು? ಅಲ್ಲಾಡಬ್ಯಾಡ! ನಿಂತಲ್ಲೇ ನಿಲ್ಲು, ಬಂದೆ!”

“ಯಾರವ್ವಾ ಅಂತ ಕೇಳತೀರಲ್ಲ, ನಿಮ್ಮ ಹೇಣ್ತಿ ಅದೀನಿ!”

“ಯಾ ಅಲ್ಲಾ! ಕುಬ್ರಾ?”

ಅವರು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಬದಿಯ ಕರಿಕಲ್ಲಿನ ಕಡೆಗೆ ಸರಿಸಿಕೊಂಡು, ತಾವೇ ಕಡಿದ ಮೆಟ್ಟಿಲಿನ ಮೇಲೆ ಕೂರಿಸಿದರು. ಬೈಯುತ್ತಾರೆಂದು ಕಾಯ್ದೆ. ಅವರು ಬೊಗಸೆಯಲ್ಲಿ ನೀರು ತಂದು ನನ್ನ ಪಾದ ತೊಳೆದರು. ಶಬನಂ, ಮದುವೆಯಾದಂದಿನಿಂದ ಅವರು ನನ್ನ ಪಾದ ಮುಟ್ಟಿದವರಲ್ಲ, ನಾನು ಮುಟ್ಟಿಸಿಕೊಂಡವಳೂ ಅಲ್ಲ. ಉಳುಕಿದ ಕಡೆ ಹೆಬ್ಬೆರಳು ಒತ್ತುತ್ತಾ ನಕ್ಕರು. “ಅಂತೂ ಇಳದ್ಯಲ್ಲ ಕೆಳಗ” ಅಂದರು.

ಅವರ ಬೆರಳ ತುದಿಗಳು ಕಲ್ಲಿನಂತಾಗಿವೆ. ನೋವಾಗುವಲ್ಲಿ ಒತ್ತಿದ್ದಾರೋ ಇಲ್ಲವೋ ಎಂದು ನನ್ನ ಮುಖ ನೋಡಿಯೇ ತಿಳಿಯಬೇಕಾಗಿತ್ತು. ಉಳಿ ಹಿಡಿದು ಹಿಡಿದು ತುದಿಯಲ್ಲಿ ಸ್ಪರ್ಶವೇ ಇಲ್ಲವಂತೆ. ನೂಲು ಸಿಕ್ಕಿದೆಯೋ ಬಟ್ಟೆ ಸಿಕ್ಕಿದೆಯೋ ಅವರಿಗೆ ತಿಳಿಯುತ್ತಿರಲಿಲ್ಲ. ಹೇಳಬೇಕಿತ್ತು. ಹೇಳುವುದಿಲ್ಲ ಈ ಮನುಷ್ಯ.

ಅಲ್ಲಿ ಕುಳಿತು ನಾನು ಮೊದಲ ಸಲ ಗಣಿಯನ್ನು ಒಳಗಿನಿಂದ ನೋಡಿದೆ. ಮೇಲಿನಿಂದ ಅದು ಒಂದು ಹಳ್ಳ. ಒಳಗಿನಿಂದ ನೋಡಿದರೆ ಮೂರು ಕಡೆ ಬಿಳಿ ಗೋಡೆ, ಪದರ ಪದರವಾಗಿ, ನೀರಿನ ಬೆಳಕು ಅದರ ಮೇಲೆ ಆಡುತ್ತದೆ, ಮುತ್ತಿನ ಹಾಗೆ ಹೊಳೆಯುತ್ತದೆ. ಅವರು ತೋರಿಸಿದರು: ಇಲ್ಲಿ ರಾಟೆ ಇತ್ತು, ಇಲ್ಲಿ ಕುಳಿತು ನಾನು ಕಳಿಸಿದ ಬುತ್ತಿ ಉಣ್ಣುತ್ತಿದ್ದರು, ಇಲ್ಲಿಂದ ಮೇಲೆ ನನ್ನ ಸೀರೆಯ ಅಂಚು ಕಂಡರೆ ಎಲ್ಲರೂ ಬೀಡಿ ಆರಿಸುತ್ತಿದ್ದರು.

ಬುಧವಾರ ಗಣಿ ಇಲಾಖೆಯಿಂದ ಚೈತ್ರಾ ಎಂಬ ಹುಡುಗಿ ಬಂದಿದ್ದಳು. ಬೇಲಿಗೆ ಒಪ್ಪಿಗೆ ಸಿಕ್ಕಿದೆಯಂತೆ, ಕೆಲಸ ಶುರುವಾಗುವುದು ಮುಂದಿನ ತಿಂಗಳು. ಕಾಲು ಚಾಚಿ ಕುಳಿತವಳಿಗೆ ಬೇರೆ ಕೆಲಸವಿಲ್ಲ, ಈ ಕಲ್ಲು ಇಷ್ಟು ಮೆತ್ತಗೆ ಯಾಕೆ ಎಂದು ಕೇಳಿದೆ. ನೆಲದ ಆಳದಿಂದ ಬಂದ ಭಾರವಾದ ಬೇರೊಂದು ಕಲ್ಲೇ ಮೊದಲು ಇಲ್ಲಿದ್ದದ್ದು ಎಂದಳು. ಅದರ ಸಂದಿಗಳಲ್ಲಿ ಬಿಸಿನೀರು ಹೊಕ್ಕಿತು, ಮೇಲಿನ ಭಾರ ಅದುಮಿತು, ನಾವು ಎಣಿಸಲಾಗದಷ್ಟು ಕಾಲ ಬೆಂದು ಬೆಂದು ಅದು ಬಳಪದ ಕಲ್ಲಾಯಿತು. ಹಾಳೆಯ ಮೇಲೆ ಹಾಳೆ ಇಟ್ಟ ಹಾಗೆ ಇದೆ, ಹಾಳೆಗಳ ನಡುವೆ ಹಿಡಿತವಿಲ್ಲ, ಅದಕ್ಕೇ ಜಾರುತ್ತದೆ. ಬಹಳ ಕಾಲದ ಮೇಲೆ ಗುಡ್ಡ ಬಿರುಕು ಬಿಟ್ಟಾಗ ಕೆಳಗಿನಿಂದ ಕರಗಿದ ಕಲ್ಲು ನುಗ್ಗಿ, ಅಲ್ಲೇ ಹೆಪ್ಪುಗಟ್ಟಿತು. ನೆತ್ತಿಯಿಂದ ತಳದವರೆಗೆ ಒಂದೇ ಕಪ್ಪು ಪಟ್ಟಿ. ಅದನ್ನೇ ಗಣಿಯವರು ಕರಿಗೆರೆ ಎನ್ನುತ್ತಿದ್ದರು.

ಕರಿಗೆರೆ ಎಂದರೆ ಅವರಿಗೆಲ್ಲ ಸಿಟ್ಟು. ಉಳಿ ಮುರಿಯುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ನನಗೆ ಗೊತ್ತಿಲ್ಲ ಎಂದುಕೊಂಡಿದ್ದರು, ನನ್ನ ಬೆನ್ನ ಹಿಂದೆ ನನ್ನನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. “ಕರಿಗೆರಿ ಬಂತ್ರಲೇ, ಏಳ್ರಿ.” ಆ ಹೆಸರಿಟ್ಟವರು ಯಾರು ಎಂದು ಬುಧವಾರ ಸಂಜೆ ನಿನ್ನ ಅಬ್ಬನನ್ನು ನೇರವಾಗಿ ಕೇಳಿದೆ.

“ನಾನೇ” ಅಂದರು.

“ನಾಚಿಕಿ ಆಗಂಗಿಲ್ಲೇನ್ರಿ?”

“ಯಾಕ ಆಗಬೇಕು? ಬಿಳೀದ್ರಾಗ ಎಲ್ಲಿ ಕಾಲಿಟ್ರೂ ಜಾರತೈತಿ. ಮೆಟ್ಲ ಕಡ್ಯಾಕ ಬಂದದ್ದು ಅದೊಂದ್ರಾಗ.”

ಬೆಂಕಿ ಆರಿದೆಯೆಂದು ಒಲೆ ಊದಲು ಎದ್ದೆ. ಕಾಲು ನೋವೆಂದು ಮತ್ತೆ ಕುಳಿತೆ.

ಈಗ ಭಾನುವಾರದ ವಿಷಯ. ನಿನ್ನ ಅಬ್ಬ ಬರುವುದಿಲ್ಲ ಎಂದರು. ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ರಜೆ, ಬಿಸಿಲು, ಭಾನುವಾರವೇ ಇಲ್ಲಿಗೆ ಅತಿ ಹೆಚ್ಚು ಜನ ಬರುವುದು. ನೀರು ಇಳಿದಿದೆ, ತಳದ ಮೆಟ್ಟಿಲುಗಳು ಇನ್ನೂ ಬಾಕಿ. “ನಾ ಅಲ್ಲಿ ಊಟಕ್ಕ ಕೂತಾಗ ಇಲ್ಲಿ ಯಾರದರ ಕೂಸು ಜಾರಿದ್ರ, ಆ ಅನ್ನ ನನ್ನ ಗಂಟಲಾಗ ಇಳೀತೈತೇನ ಕುಬ್ರಾ?” ಎಂದು ಕೇಳಿದರು. ಮಂಗಳವಾರಕ್ಕೆ ಮೊದಲು ಕೇಳಿದ್ದರೆ ನನ್ನ ಬಳಿ ಉತ್ತರವಿತ್ತು. ಆ ನೀರಿನಲ್ಲಿ ನಿಂತು ಬಂದ ಮೇಲೆ ಇಲ್ಲ.

ಪಕ್ಕದ ಹೊಲದ ಕಾಡಸಿದ್ದಪ್ಪನನ್ನು ಕರೆಸಿ, ಒಂದು ದಿನ ಕಾಯುತ್ತೀಯಾ ಎಂದು ಕೇಳಿದೆ. “ಕಾಯತೀನಿ ಅಮ್ಮಾರ, ಆದ್ರ ನನ್ನ ಮಾತು ಯಾರು ಕೇಳತಾರ? ಮನ್ಯಾಗಿನ ಎಮ್ಮಿ ಸೈತ ಕೇಳಂಗಿಲ್ಲ” ಅಂದ. ನಿನ್ನ ಅಬ್ಬನದೂ ಅದೇ ಕಥೆ, ಬಂದವರ ಮುಂದೆ ಕೈಮುಗಿದು ಬೇಡಿಕೊಳ್ಳುತ್ತಾರೆ. ನಿನ್ನೆ ನಾಲ್ಕು ಹೆಂಗಸರು ಬಿಳಿ ಕಡೆಯಿಂದ ಇಳಿಯುತ್ತಿದ್ದರು. ನಾನು ಮೇಲೆ ಕುಳಿತಲ್ಲಿಂದಲೇ ಒಮ್ಮೆ ಕೂಗಿದೆ. ಬಟ್ಟೆಯ ಗಂಟು ಎತ್ತಿಕೊಂಡು ಕರಿಗೆರೆಯ ಕಡೆಗೆ ಓಡಿದರು. ಒಬ್ಬಳ ಸಾಬೂನು ಅಲ್ಲೇ ಬಿತ್ತು. ಕಾಡಸಿದ್ದಪ್ಪ ನನ್ನನ್ನೇ ನೋಡಿದ. ನಿನ್ನ ಅಬ್ಬನೂ ನೋಡಿದರು. ನಾನು ಆಗಲೇ ತೀರ್ಮಾನ ಮಾಡಿದೆ.

ಭಾನುವಾರ ನಿನ್ನ ಅಬ್ಬ ಸಿರುಗುಪ್ಪಕ್ಕೆ ಬರುತ್ತಾರೆ. ನಾನು ಇಲ್ಲಿರುತ್ತೇನೆ.

ನಾನಿಲ್ಲದೆ ಸಾತವಾಸವೇ ಎಂದು ನಿನ್ನ ಅತ್ತೆ ಕೇಳುತ್ತಾರೆ. ಮೂರು ತಿಂಗಳಿಂದ ನಾನು ಯೋಚಿಸಿದ್ದೂ ಅದನ್ನೇ: ಯಾವ ಸೀರೆ, ಎಷ್ಟು ತಟ್ಟೆ ಹಣ್ಣು, ಯಾರ ಮುಂದೆ ಹೇಗೆ ಕೂರಬೇಕು. ನಾಲ್ಕು ಜನರ ನಡುವೆ ಮಗಳ ಕೈಗೆ ಹಸಿರು ಬಳೆ ಏರಿಸುವುದು ನನಗೆ ಬೇಡವಾಗಿದೆ ಎಂದುಕೊಳ್ಳಬೇಡ. ಆದರೆ ನೀನು ಅತ್ತಿದ್ದು ನನಗಾಗಿ ಅಲ್ಲ, ಅಬ್ಬನಿಗಾಗಿ. ಅದರಲ್ಲಿ ತಪ್ಪಿಲ್ಲ. ಚಿಕ್ಕವಳಿದ್ದಾಗಲೂ ನೀನು ಬಿದ್ದರೆ ಅವರ ಹತ್ತಿರ ಓಡುತ್ತಿದ್ದೆ, ಎದ್ದ ಮೇಲೆ ನನ್ನ ಹತ್ತಿರ ಬರುತ್ತಿದ್ದೆ.

ನನ್ನ ಬದಲಿಗೆ ನಿನ್ನ ಉಡಿಯನ್ನು ವಿರೂಪಮ್ಮ ತುಂಬುತ್ತಾಳೆ. ಹಸಿರು ಸೀರೆ, ಬಳೆ ಅವಳ ಚೀಲದಲ್ಲಿವೆ. ಯಾರಾದರೂ ಹುಬ್ಬೇರಿಸಿದರೆ ಇದು ಕುಬ್ರಾಬಿಯ ಮಾತು ಎಂದು ಹೇಳು. ಸಾಕು. ನಿನ್ನ ಅಬ್ಬನಿಗೆ ಹೊಸ ಅಂಗಿ ಇಲ್ಲ, ಇಲಿಯಾಸ್‌ನ ಒಂದು ಅಂಗಿ ಕೊಡು, ತೋಳು ಉದ್ದವಾದರೆ ಮಡಿಸು. ಎಲ್ಲರೂ ಕುಳಿತಲ್ಲೇ ಕೂರಿಸು, ಮೂಲೆಗೆ ಸರಿಯಲು ಬಿಡಬೇಡ. ಕೇಳಿದವರಿಗೆ, ನಮ್ಮ ಅಬ್ಬ ಕಲ್ಲು ಕಾಯುವುದಿಲ್ಲ, ಜನರನ್ನು ಕಾಯುತ್ತಾರೆ ಎಂದು ಗಟ್ಟಿಯಾಗಿ ಹೇಳು. ತಲೆ ಎತ್ತಿ ಹೇಳು.

ಮೊದಲ ಮಳೆಗೆ ಮುಂಚೆ ಮೆಟ್ಟಿಲು ಮುಗಿಯುತ್ತದೆ, ಬೇಲಿಯೂ ಬರುತ್ತದೆ. ನೀನು ಹೆರಿಗೆಗೆ ಬಳ್ಳಾರಿಗೆ ಬರುವಾಗ ಬಾಗಿಲಲ್ಲಿ ನಾವಿಬ್ಬರೂ ಇರುತ್ತೇವೆ. ಹಾಲು ಕುಡಿ. ಹೆಚ್ಚು ಹೊತ್ತು ನಿಲ್ಲಬೇಡ. ಅಳುವುದಾದರೆ ಊಟ ಮಾಡಿದ ಮೇಲೆ ಅಳು.

ನಿನ್ನ ಅಮ್ಮ,
ಕುಬ್ರಾಬಿ

ಮರೆತ ಮಾತು: ಸೋಮವಾರ ಬೆಳಗಿನ ಮೊದಲ ಬಸ್ಸಿಗೇ ಅವರನ್ನು ಹತ್ತಿಸು. ಇನ್ನೊಂದು ದಿನ ಇರಿ ಎಂದು ನೀನು ಹೇಳಬೇಡ, ಇಲಿಯಾಸ್‌ಗೂ ಹೇಳಲು ಬಿಡಬೇಡ. ಯಾಕಿಷ್ಟು ಅವಸರ ಎಂದು ಅವರು ಕೇಳಿದರೆ ಮೆಟ್ಟಿಲ ಕೆಲಸ ಬಾಕಿ ಇದೆಯಲ್ಲ ಎನ್ನು. ಇಲ್ಲಿ ಒಬ್ಬಳೇ ಇರಲು ನನಗೆ ಹೆದರಿಕೆಯೇನೂ ಇಲ್ಲ. ಆದರೆ ಈ ಮೂರು ದಿನದಲ್ಲಿ ಅವರ ಕೆಮ್ಮು ಕೇಳಿಕೊಂಡೇ ನಿದ್ದೆ ಹೋಗುವುದು ರೂಢಿಯಾಗಿದೆ. ಇದನ್ನು ಅವರಿಗೆ ಓದಿ ಹೇಳಬೇಡ.